ಚಕ್ಕೆ ಏಳದ ಹಾಗೆ

ಮೈಕಾ ಅಂಟಿಸಿದ ಹಲಗೆಯ ಮುಂದೆ ನಿಂತರೆ ನನಗೆ ಈಗಲೂ ಅಂಗೈ ಬೆವರುತ್ತದೆ. ಕಡೂರಿನ ಕಾಲೇಜಿನಲ್ಲಿ ಮೂವತ್ತು ವರ್ಷ ಫಿಸಿಕ್ಸ್ ಪಾಠ ಮಾಡಿದವನು ನಾನು. ಘರ್ಷಣೆ, ವೇಗ, ಬಲ ಎಂದು ಬೋರ್ಡಿನ ಮೇಲೆ ಬರೆಯುವಾಗ ಒಂದಿಷ್ಟೂ ತಡವರಿಸಿದವನಲ್ಲ. ನಿವೃತ್ತನಾದ ಮೇಲೆ ಹುಮ್ಮಸ್ಸಿನಿಂದ ಒಂದು ರೌಟರ್ ಮಷೀನು ಕೊಂಡು ಹಲಗೆಗೆ ತಾಗಿಸಿದೆ ನೋಡಿ, ಆ ಬಲಗಳಿಗೂ ನನಗೂ ಮುಖಪರಿಚಯವೇ ಇಲ್ಲ ಎಂದು ಅವತ್ತು ಗೊತ್ತಾಯಿತು.

ಕಂಡಿಲ್ಲದವರಿಗೆ ಹೇಳಬೇಕಲ್ಲ: ರೌಟರ್ ಎಂದರೆ ಅಂಗೈಯಗಲದ ತಳ, ಮುಷ್ಟಿಯಲ್ಲಿ ಹಿಡಿಯುವಂಥ ಮೈ, ಕೆಳಗೆ ಗಿರ್ರನೆ ತಿರುಗುವ ಒಂದು ಸಣ್ಣ ಅಲಗು. ಆ ಅಲಗಿಗೆ ಬಿಟ್ ಎನ್ನುತ್ತಾರೆ. ಶೋಕೇಸಿನ ಗಾಜು ಅತ್ತಿತ್ತ ಸರಿಯುವುದಕ್ಕೆ ಹಲಗೆಯ ಉದ್ದಕ್ಕೂ ಗಾಜಿಗೊಂದರಂತೆ ಸಣ್ಣ ಕಾಲುವೆ ಬೇಕು. ಬಡಗಿಗಳ ಬಾಯಲ್ಲಿ ಅದು ಗ್ರೂವ್. ಬರೀ ಮರದಲ್ಲಿ ತೋಡುವುದಾದರೆ ಹೇಗೋ ನಡೆಯುತ್ತದೆ, ಮೇಲೆ ಮೈಕಾ ಇದ್ದರೆ ಫಜೀತಿ. ಮೈಕಾ ಮೂಲದಲ್ಲಿ ಕಾಗದವೇ, ಅಂಟು ಕುಡಿಸಿ ಬಿಸಿಯಲ್ಲಿ ಒತ್ತಿ ಗಟ್ಟಿ ಮಾಡಿದ್ದು. ಮೇಲೆ ಬಿರುಸು, ಅಡಿಯಲ್ಲಿ ಮೆದು ಮರ. ಅಲಗು ತಾಗಿದರೆ ಅಂಚು ಚಕ್ಕೆ ಚಕ್ಕೆಯಾಗಿ ಏಳುತ್ತದೆ. ನಮ್ಮ ಮನೆತನದವರ ಸ್ವಭಾವವೂ ಹೆಚ್ಚುಕಡಿಮೆ ಇಂಥದ್ದೇ.

ಅದರಲ್ಲೂ ನನ್ನ ಅಕ್ಕ. ತರೀಕೆರೆಯಲ್ಲಿ ಊರವರ ರವಿಕೆ ಹೊಲಿಯುತ್ತಲೇ ಅರವತ್ತು ದಾಟಿದವಳು. ಈ ವರ್ಷ ಮನೆಯ ಮುಂದಿನ ಕೋಣೆಯಲ್ಲಿ ಸೀರೆ ಅಂಗಡಿ ಇಡುತ್ತೇನೆ ಎಂದಳು. "ಈ ವಯಸ್ಸಲ್ಲಿ ಯಾಕಕ್ಕ ಅದೆಲ್ಲ? ಸುಮ್ನೆ ಇರಬಾರ್ದಾ?" ಎಂದೆ, ನೆಂಟರಿಷ್ಟರೆಲ್ಲ ಕೂತಿದ್ದಾಗ, ನಗುನಗುತ್ತ. ಎಲ್ಲರೂ ನಕ್ಕರು, ಅವಳು ನಗಲಿಲ್ಲ. ಆಮೇಲೆ ಮೂರು ತಿಂಗಳು ಫೋನಿನಲ್ಲಿ "ಹೂಂ, ಊಟ ಆಯ್ತು" ಎನ್ನುವುದಷ್ಟೇ ಮಾತು. ನನಗೆ ಒಳಗೊಳಗೇ ಸಂಕಟ. ತಪ್ಪಾಯಿತು ಎನ್ನಲು ಮೇಷ್ಟ್ರ ನಾಲಿಗೆ ಹೊರಳಲಿಲ್ಲ. ಅದರ ಬದಲು, ಅಂಗಡಿಗೆ ಶೋಕೇಸ್ ನಾನೇ ಮಾಡಿಕೊಡುತ್ತೇನೆ ಎಂದುಬಿಟ್ಟೆ. "ನೋಡಾಣ" ಎಂದಳು. ಎರಡು ದಿನಕ್ಕೆ ತಾನೇ ಆರಿಸಿದ ನವಿಲುಬಣ್ಣದ ಮೈಕಾ ಹಾಳೆಯನ್ನು ಸುರುಳಿ ಸುತ್ತಿ ಬಸ್ಸಿನಲ್ಲಿ ಕಳಿಸಿದಳು. ಆ ಬಣ್ಣದಲ್ಲಿ ಅಂಗಡಿಯವನ ಹತ್ತಿರ ಉಳಿದಿದ್ದ ಕಟ್ಟಕಡೆಯ ಹಾಳೆಯಂತೆ. ಇದು ಕೆಟ್ಟರೆ ಅಕ್ಕ ಇನ್ನು ಮಾತೇ ಆಡುವುದಿಲ್ಲ ಎಂದು ನನಗೆ ದಿಗಿಲು.

ಹಲಗೆಗಳಿಗೆ ಮೈಕಾ ಅಂಟಿಸಿ ಮುಗಿಸಿದವನು ಗ್ರೂವಿನ ಪಾಠಕ್ಕೆಂದು ಅಜ್ಜಂಪುರಕ್ಕೆ, ಹಳೆಯ ಬಡಗಿ ರುದ್ರಾಚಾರರ ಬಳಿಗೆ ಹೋದೆ. ಅವರು ನನ್ನನ್ನು ವಿದ್ಯಾರ್ಥಿಯ ಹಾಗೆ ಎದುರಿಗೆ ನಿಲ್ಲಿಸಿಕೊಂಡರು.

"ಹೊಸಾ ಬಿಟ್ ಹಾಕಿ ಮೇಷ್ಟ್ರೇ, ಮೊಂಡಾಗಿರೋದು ಬ್ಯಾಡ. ಟೇಪ್ ಅಂಟ್ಸಿ, ಗ್ರೂವಿನ ಎರಡೂ ಅಂಚ್ಗೆ ಬ್ಲೇಡಲ್ಲಿ ಗೀರ್ಕಳಿ. ಮೊದಲ್ನೇ ಸತಿ ಮೈಕಾ ಮಾತ್ರ ಕಡೀಬೇಕು, ಆಮೇಲೆ ಸ್ವಲ್ಪ ಸ್ವಲ್ಪ ಇಳಿಸ್ಕಂಡ್ ಹೋಗಿ. ತುದೀಲಿ ಒಂದು ರದ್ದಿ ಹಲಗೆ ಒತ್ತಿಟ್ಕಳಿ, ಇಲ್ದಿದ್ರೆ ಬಿಟ್ ಆಚೆ ಬರೋವಾಗ ಕಿತ್ಕಂಡೇ ಬರುತ್ತೆ. ಮಧ್ಯದಲ್ಲಿ ಮಾತ್ರ ಕೈ ಬಿಡಂಗಿಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ಅಮೃತಾಪುರದ ಗುಡಿಯ ಯೋಚನೆ. ಅಲ್ಲಿಯ ಶಿಲ್ಪಗಳ ಕಲ್ಲು ನೆಲದಿಂದ ಎತ್ತಿದಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಡಸು ಎನ್ನುತ್ತಾರೆ. ಆದರೂ ಒಂದೆರಡು ಚಕ್ಕೆ ಹಾರಿಯೇ ಇರಬೇಕು. ಹಾರಿದ ಕಡೆ ಶಿಲ್ಪಿ ಒಂದು ಎಲೆಯನ್ನೋ ಬಳ್ಳಿಯನ್ನೋ ಮಾಡಿ ಪಾರಾಗಿರುತ್ತಾನೆ. ನವಿಲುಬಣ್ಣದ ಮೈಕಾ ಮೇಲೆ ಬಳ್ಳಿ ಹಬ್ಬಿಸುವ ಸ್ವಾತಂತ್ರ್ಯ ನನಗಿರಲಿಲ್ಲ.

ಮರುದಿನ ಹಿತ್ತಲಿನ ಷೆಡ್ಡಿನಲ್ಲಿ, ಸುಲಿಯದ ತೆಂಗಿನಕಾಯಿ ರಾಶಿಯ ಪಕ್ಕ, ಕೆಲಸಕ್ಕೆ ನಿಂತೆ. ಕೆಳಹಲಗೆಯ ಮೊದಲ ಗ್ರೂವ್ ಅಚ್ಚುಕಟ್ಟಾಗಿ ಬಂತು. ನನ್ನ ಬೆನ್ನು ನಾನೇ ತಟ್ಟಿಕೊಂಡು ಎರಡನೆಯದಕ್ಕೆ ಬಿಟ್ ಇಳಿಸಿದೆ. ಅರ್ಧಕ್ಕೆ ಬಂದಿದ್ದೆನೋ ಏನೋ, ಬಾಗಿಲಲ್ಲಿ ನೆರಳು ಬಿತ್ತು. ತಲೆ ಎತ್ತಿದರೆ ಅಕ್ಕ, ಕೈಯಲ್ಲಿ ಬಟ್ಟೆಯ ಚೀಲ. ಮೂರು ತಿಂಗಳಾಗಿತ್ತು ಅವಳ ಮುಖ ನೋಡಿ.

ನಮ್ಮ ಮನೆಯಲ್ಲಿ ಒಂದು ರೂಢಿ. ಹೆಣ್ಣುಮಗಳು ತವರಿಗೆ ಬಂದರೆ ಮನೆಯ ಗಂಡಸರು ಎದ್ದು ಹೋಗಿ ಅವಳ ಕೈಯ ಚೀಲ ತೆಗೆದುಕೊಳ್ಳಬೇಕು. ಚಿಕ್ಕಂದಿನಿಂದ ಮೈಗೆ ಅಂಟಿದ್ದು. ಫಿಸಿಕ್ಸೂ ರುದ್ರಾಚಾರರೂ ಮರೆತುಹೋಗಿ ನನ್ನ ಬಲಗೈ ಮಷೀನು ಬಿಟ್ಟು ಚೀಲದ ಕಡೆಗೆ ಚಾಚಿತು. ಎಡಗೈ ಒಂದರಲ್ಲೇ ಉಳಿದ ರೌಟರ್ ವಾಲಿತು, ಕಟ್ಟನೆ ಸದ್ದು, ಅಡಿಕೆ ಹೋಳಿನಷ್ಟು ಮೈಕಾ ಅಂಚಿನಿಂದ ಹಾರಿತು. ಮಷೀನು ಆರಿಸಿದೆ. ಅಳು ಬರುವುದೊಂದು ಬಾಕಿ.

"ಚೀಲ ನಾನೇ ಇಡ್ತಿದ್ದೆ ಕಣೋ," ಎಂದಳು ಅಕ್ಕ, ಹಲಗೆಯ ಗಾಯದ ಮೇಲೆ ಬೆರಳಾಡಿಸುತ್ತ. "ಕತ್ತರಿ ಬಟ್ಟೇಲಿರೋವಾಗ ಸ್ವಾಮಿಗಳು ಬಂದ್ರೂ ನಾನು ತಲೆ ಎತ್ತಲ್ಲ. ಚಕ್ಕೆ ಎಲ್ಲೋಯ್ತು? ಹುಡುಕು, ಅಂಟ್ಸಾಣ."

ಇಬ್ಬರೂ ಮಂಡಿಯೂರಿ ಮರದ ಪುಡಿ ಕೆದಕಿದೆವು. ಜೀವಮಾನವಿಡೀ ನೆಲದಲ್ಲಿ ಸೂಜಿ ಹುಡುಕಿದ ಕಣ್ಣು ಅವಳದು, ಎರಡೇ ನಿಮಿಷದಲ್ಲಿ ತೆಂಗಿನಕಾಯಿ ಸಂದಿಯಿಂದ ಎತ್ತಿದಳು. ಅಂಟು ಸವರಿ, ಚಕ್ಕೆ ಕೂರಿಸಿ, ಮೇಲೆ ಟೇಪ್ ಒತ್ತಿದೆವು. ಬಲ್ಲವರು ಬಗ್ಗಿ ನೋಡಿದರೆ ಮಾತ್ರ ಕಂಡೀತು.

ಅದು ಒಣಗುವಷ್ಟರಲ್ಲಿ ಮೇಲಿನ ಹಲಗೆ ತೋಡೋಣವೆಂದು ಮಷೀನು ಹಾಕಿದೆ. ಅಕ್ಕ ಎದುರಿಗೆ ಸ್ಟೂಲಿನ ಮೇಲೆ ಕೂತಳು. ನನ್ನ ಕಣ್ಣು ಗೀಟಿನ ಮೇಲೆ, ಎರಡೂ ಕೈ ಮಷೀನಿನ ಮೇಲೆ. ಆ ಗದ್ದಲದೊಳಗೆ ಎಲ್ಲಿಂದಲೋ ಧೈರ್ಯ ಬಂತು.

"ಅವತ್ತು ಹಂಗನ್ನಬಾರ್ದಿತ್ತು ಕಣಕ್ಕ, ತಪ್ಪಾಯ್ತು," ಎಂದೆ, ಹಲಗೆಗೆ ಹೇಳುವವನ ಹಾಗೆ.

"ಏನಂದೆ? ಮಷೀನ್ ಆಫ್ ಮಾಡಿ ಹೇಳೋ, ಕೇಳುಸ್ಲಿಲ್ಲ."

ಮಧ್ಯದಲ್ಲಿ ನಿಲ್ಲಿಸುವಂತಿರಲಿಲ್ಲ. ತುದಿ ಮುಟ್ಟಿಸಿ ಆರಿಸಿದೆ. ಅಂಚು ಎಲ್ಲಿಯೂ ಏಳದೆ ನೀಟಾಗಿ ಬಂದಿತ್ತು, ಆದರೆ ಅದನ್ನು ನೋಡಿ ಬೀಗುವ ಹೊತ್ತಲ್ಲ. ಷೆಡ್ಡಿನಲ್ಲಿ ಈಗ ಗದ್ದಲವಿಲ್ಲ, ಅಕ್ಕ ಕಾಯುತ್ತಿದ್ದಾಳೆ. ಅವಳ ಮುಖ ನೋಡಿ ಇನ್ನೊಮ್ಮೆ ಹೇಳಿದೆ.

"ಮೊದಲ್ನೇ ಸತಿನೇ ಕೇಳುಸ್ತು," ಎಂದಳು ಅಕ್ಕ, ನನ್ನ ಕನ್ನಡಕ ತೆಗೆದು ಸೆರಗಿನಿಂದ ಧೂಳು ಒರೆಸುತ್ತ.

ಮೂರನೆಯ ಸಲ ಅವಳು ಕೇಳದಿದ್ದರೂ ಹೇಳಿದೆ. ಅಷ್ಟು ಹೊತ್ತಿಗೆ ಅದೇನೂ ಕಷ್ಟದ ಮಾತಾಗಿ ಉಳಿದಿರಲಿಲ್ಲ.