ಮಸಾಲೆ ಹಾಕದ ಮೀನು

ಕುಂದಾಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಶೆಫ್, ಹಡಗಿನಲ್ಲಿ ಹತ್ತಾರು ದೇಶದವರಿಗೆ ಅಡುಗೆ ಮಾಡಿ ಬಂದವರು. ಬಟ್ಟಲಿನ ಅಂಚು ಒರೆಸದೆ ನಮಗೆ ಒಂದು ಪಾಯಸವನ್ನೂ ಕೊಟ್ಟವರಲ್ಲ. ಹೊಸ ರುಚಿಗೆ ಯಾರಾದರೂ ಮುಖ ಕಿವುಚಿದರೆ, "ಮೂರ್ ತುತ್ತ್ ತಿನ್ನಿ, ಕಡಿಕೆ ಬೈನಿ" ಎನ್ನುತ್ತಿದ್ದರು; ಬೈಗುಳವೇನಿದ್ದರೂ ತಿಂದ ಮೇಲೆ.

ಅವರು ಹೋಟೆಲು ತೆರೆದ ವಾರ ನಾನೂ ಊಟಕ್ಕೆ ಹೋಗಿದ್ದೆ. ಚೀನೀಯರ ರೀತಿಯಲ್ಲಿ ಶುಂಠಿಯೊಡನೆ ಹಬೆಯಲ್ಲಿ ಬೇಯಿಸಿದ ಇಡೀ ಮೀನನ್ನು ನೋಡಿ ಗಂಗೊಳ್ಳಿ ಬಂದರಿನಲ್ಲಿ ಸ್ವಂತ ಬೋಟಿದ್ದ ಮೀನು ವ್ಯಾಪಾರಿಯೊಬ್ಬರು ಜೋರಾಗಿ ನಕ್ಕರು.

"ಹ್ವಾಯ್, ಇದ್ ಜ್ವರ ಬಂದವ್ರಿಗ್ ಮಾಡಿದ್ದಾ? ಮಸಾಲಿ ಎಲ್ಲಿತ್ತ್?"

ಅವರು ಎದ್ದು ಹೋದರೆ ಊರಿನವರು ಯಾರೂ ಬರುವುದಿಲ್ಲವೆಂದು, ಕ್ಯಾಶಿನಲ್ಲಿ ಕೂತಿದ್ದ ಶೆಫ್ ಹೆಂಡತಿಗೆ ಭಯ. "ಒಂಚೂರ್ ಮಸಾಲಿ ಗಸಿ ಹಾಕಿ ಕೊಡಿ ಮಾರಾಯ್ರೆ," ಎಂದು ಪಿಸುಗುಟ್ಟಿದರು. ಶೆಫ್ ಒಪ್ಪಲಿಲ್ಲ. ವ್ಯಾಪಾರಿಗೂ ತಮ್ಮ ಅದೇ ಮಾತು ಹೇಳಿ, ಕೈಕಟ್ಟಿಕೊಂಡು ಮೇಜಿನ ಪಕ್ಕ ನಿಂತರು.

ವ್ಯಾಪಾರಿ ಒಂದು ತುತ್ತು ತಿಂದರು, ಇನ್ನೊಂದು ತಿಂದರು. ನಗು ನಿಂತಿತು. ಮುಳ್ಳನ್ನು ಎತ್ತಿ ಚೀಪುತ್ತಾ, "ಇದ್ ಯಾರ್ ಬೋಟಿನ್ ಮೀನ್?" ಎಂದರು.

"ನಿಮ್ದೇ. ಬೆಳಿಗ್ಗೆ ನಿಮ್ಮತ್ರವೇ ತಂದದ್ದ್."

ವ್ಯಾಪಾರಿ ಎಡಗೈಯಲ್ಲಿ ಮೊಬೈಲ್ ತೆಗೆದು ಹೆಂಡತಿಗೆ ಫೋನ್ ಮಾಡಿದರು. "ಮಧ್ಯಾಹ್ನಕ್ಕೆ ಎಂತದೂ ಮಾಡ್ಬೇಡ. ಮಕ್ಕಳನ್ ಕರ್ಕಂಡ್ ಕುಂದಾಪ್ರಕ್ಕೆ ಬಾ, ನಮ್ ಮೀನ್ ತಿಂಬುಕೆ."