ಗಂಗಕ್ಕನ ಬೆನ್ನು

ನಮ್ಮ ಗಂಗಕ್ಕನ ಬೆನ್ನು ಗುದ್ದು ತಿನ್ನಲೆಂದೇ ಬೆಳೆದಂತಿತ್ತು. ನಮ್ಮ ಕಡೆ ತೊಟ್ಟಿಲ ಕಾರ್ಯದಲ್ಲಿ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುತ್ತಾಳೆ. ಹೇಳಿದ ಕೂಡಲೇ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಚಚಡಿಗೆ ಮದುವೆಯಾಗಿ ಹೋಗಿದ್ದ ಅಕ್ಕ ನಮ್ಮ ಮನೆತನದ ಕೂಸುಗಳಿಗೆಲ್ಲ ಹೆಸರಿಟ್ಟಿದ್ದಳು. ಗುದ್ದು ಮೆತ್ತಗಾದರೆ ಬೈಯುತ್ತಿದ್ದಳು: “ಧೂಳ ಜಾಡಸಾಕ ಹತ್ತೀರೇನ? ರೊಟ್ಟಿ ಬಡದಂಗ ಬಡೀರಿ!”

ನನ್ನ ಮಗಳು ಹುಟ್ಟುವಾಗಲೇ ಅವಳ ವಪೆಯಲ್ಲಿ ತೂತಿತ್ತು. ಹೊಟ್ಟೆಗೂ ಎದೆಗೂ ನಡುವಿನ ಪರದೆ ಅದು. ಕರುಳು ಆ ತೂತಿನಿಂದ ಮೇಲೇರಿ ಎದೆಯಲ್ಲಿ ಮನೆ ಮಾಡಿತ್ತು. ಎಡ ಶ್ವಾಸಕೋಶಕ್ಕೆ ಬೆಳೆಯಲು ಜಾಗವೇ ಇರಲಿಲ್ಲ. ಬೈಲಹೊಂಗಲದಿಂದ ಬೆಳಗಾವಿಯ ಆಸ್ಪತ್ರೆಗೆ ಒಯ್ದೆವು. ಬಾಯಲ್ಲಿ ಉಸಿರಿನ ನಳಿಕೆ ಹಾಕಿದರು. ಕೂಡಲೇ ಹೊಲಿಯಬಹುದಲ್ಲ ಎಂದೆ.

“ಉಸಿರು ಮೊದಲ ನೆಲಿಗೆ ಬರಲ್ರಿ. ಈಗ ಕೊಯ್ದ್ರ ಕೂಸು ತಡಿಯಾಂಗಿಲ್ಲ,” ಎಂದರು ಸರ್ಜನ್.

ಕಾಯುವುದು ನನಗೆ ಒಗ್ಗದು. ಮಗಳು ಹೆಸರಿಲ್ಲದೆ ಹೋಗಿಬಿಟ್ಟರೆ ಎಂದು ಹೆದರಿ, ಯಾವ ಶಾಸ್ತ್ರವನ್ನೂ ನಂಬದ ನಾನು, ಇವತ್ತೇ ಹೆಸರಿಡು ಎಂದು ಆಸ್ಪತ್ರೆಗೆ ಬಂದಿದ್ದ ಅಕ್ಕನ ಬೆನ್ನು ಹತ್ತಿದೆ.

“ಹೋಗಾಕ ಯಾಕ್ ಬೇಕೋ ತಮ್ಮಾ ಹೆಸರು? ಇರಾಕ ಬೇಕು. ನಳಗಿ ತಗೀಲಿ, ಇಡತೇನಿ.”

ಹೀಗೆ ಅವಳೇ ಅಂದಳೋ, ನಾನು ಆಮೇಲೆ ಹೊಂದಿಸಿಕೊಂಡೆನೋ, ಖಾತ್ರಿಯಿಲ್ಲ. ಹೆಂಡತಿಯ ಪ್ರಕಾರ ಅಕ್ಕ ಅಂದದ್ದು “ಸುಮ್ನ ಕುಂಡ್ರು” ಅಂತ, ಅಷ್ಟೇ.

ಉಸಿರು ನೆಲೆಗೆ ಬಂತು. ಸರ್ಜನ್ ಕರುಳನ್ನು ಕೆಳಗಿಳಿಸಿ ತೂತು ಹೊಲಿದರು. ಮುಂದೆ ನಳಿಕೆ ತೆಗೆದಾಗ ಮಗಳು ಒಡಕು ದನಿಯಲ್ಲಿ ಅತ್ತಳು. ಅಕ್ಕನೊಬ್ಬಳನ್ನೇ ಒಳಗೆ ಬಿಟ್ಟರು. ನಾನು ಗಾಜಿನ ಬಾಗಿಲಾಚೆ ನಿಂತು ನೋಡಿದೆ. ಒಳಗಿನ ಮಾತುಗಳು ಅಕ್ಕ ಆಮೇಲೆ ಹೇಳಿದ್ದು. ಕಿವಿಯಲ್ಲಿ ‘ಶಿವಲೀಲಾ’ ಎಂದವಳು ಬೆನ್ನು ಬಗ್ಗಿಸಿಯೇ ನಿಂತಳು. ಗುದ್ದುವವರಿಲ್ಲ.

“ಸಾಹೇಬ್ರ, ನೀವರ ಒಂದ್ ಗುದ್ರಿ.”

“ಕೈ ತೊಳಕೊಂಡೇನ್ರೀ ಅಕ್ಕಾರ,” ಎಂದು ಸರ್ಜನ್ ಮೊಣಕೈಯಿಂದ ಒಂಚೂರು ತಿವಿದರು.

“ಇದೂ ಒಂದ್ ಗುದ್ದೇನ್ರೀ? ನಿಮ್ಮ ಹೊಲಿಗಿನೂ ಹಿಂಗ ಐತೇನು?”

ಹೊಲಿಗೆ ಗಟ್ಟಿಯಾಗಿಯೇ ಇತ್ತು. ಆಮೇಲೆ ಅಕ್ಕ ನಮ್ಮ ಮನೆಗೆ ಬಂದಾಗಲೆಲ್ಲ ಶಿವಲೀಲಾಳಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. “ಡಾಕ್ಟರ್ ಗುದ್ದು ಲೆಕ್ಕಕ್ಕಿಲ್ಲ. ನೀನರ ಗುದ್ದವಾ.” ಮಗಳು ದಣಿಯುವ ತನಕ ಗುದ್ದುತ್ತಿದ್ದಳು.

ಹೋದ ವರ್ಷ ಎದೆನೋವು ಬಂದು ಅಕ್ಕ ಹೋದಳು. ಚಚಡಿಯ ಪಡಸಾಲೆಯಲ್ಲಿ, ನಮ್ಮವರ ಪದ್ಧತಿಯಂತೆ, ಅವಳನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಶಿವಲೀಲಾ ಆ ಕಡೆಯಿಂದ ಈ ಕಡೆಯಿಂದ ಬಗ್ಗಿ ನೋಡಿದಳು.

“ಅಪ್ಪಾ, ಅತ್ತೀ ಬೆನ್ನ ಕಾಣವಲ್ದು.”

ಈ ಮಾತೊಂದನ್ನು ನಾನು ಹೆಂಡತಿಯನ್ನು ಕೇಳಿ ಖಾತ್ರಿ ಮಾಡಿಕೊಂಡಿಲ್ಲ.