ಪೊಲೀಸ್ ಮಾಮ ಕೇಳಿಸಿದ ಜಾಝ್

ಪೊಲೀಸ್ ಮಾಮನ ಬಲಗಾಲಿನ ಹೆಬ್ಬೆರಳು ಮಾತ್ರ ಅಲುಗುತ್ತಿತ್ತು. ಉಳಿದ ದೇಹವೆಲ್ಲ ಪರೇಡಿಗೆ ನಿಂತಂತೆ ನೆಟ್ಟಗೆ. ಉಗುರು ಕಪ್ಪುಗಟ್ಟಿದ ಆ ದಪ್ಪ ಬೆರಳು ಕೆಂಪು ಸಾರಣೆಯ ನೆಲದ ಮೇಲೆ ಮೆಲ್ಲಗೆ ತಾಳ ಹಾಕುತ್ತಿತ್ತು. ಎದುರಿನ ಟಿ.ವಿ.ಯಲ್ಲಿ ಯಾವುದೋ ಕಪ್ಪು-ಬಿಳುಪು ಇಂಗ್ಲಿಷ್ ಸಿನಿಮಾ. ಟೋಪಿಯವನೊಬ್ಬ ಮಳೆಯಲ್ಲಿ ಇನ್ನೊಬ್ಬನ ಬೆನ್ನು ಹತ್ತಿದ್ದ. ಭಾನುವಾರ ಮಧ್ಯಾಹ್ನ ಮಗುವಿಗೆ ನಿದ್ದೆ ಬರುವ ಹೊತ್ತಿಗೆ ಇದೆಂಥ ಸದ್ದು ಎಂದು ದೂರು ಹೇಳಲು, ಮಗುವನ್ನು ಹೆಗಲಿಗೆ ಹಾಕಿಕೊಂಡೇ ಪಕ್ಕದ ಅವರ ಮನೆಗೆ ಹೋಗಿದ್ದೆ.

"ಕೂತ್ಕೊ ಮಗಾ, ಈಗ ಅವ ಸಿಕ್ಕಿಬೀಳ್ತಾನೆ," ಎಂದರು.

ಕುಳಿತೆ. ಸಿನಿಮಾದ ಅದೇ ಜಾಝ್ ಸಂಗೀತಕ್ಕೆ ಮಗು ನನ್ನ ಹೆಗಲ ಮೇಲೆಯೇ ನಿದ್ದೆ ಹೋಯಿತು.

ಬೆಳ್ತಂಗಡಿ, ಬಂಟ್ವಾಳ ಎಂದೆಲ್ಲ ಸುತ್ತಿ, ಎಸ್ಸೈ ಆಗಿ ನಿವೃತ್ತರಾಗಿ, ಮೂಡುಬಿದಿರೆಯಲ್ಲಿ ನಮ್ಮ ಪಕ್ಕದಲ್ಲೇ ಮನೆ ಕಟ್ಟಿದವರು ಅವರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಂಗಳೂರಿನ ಒಂದು ಟಾಕೀಸಿನ ಬಂದೋಬಸ್ತಿಗೆ ಹಾಕಿದ್ದರಂತೆ. ಲಾಠಿ ಹಿಡಿದು ಹಿಂದುಗಡೆ ನಿಂತು ಇಂಗ್ಲಿಷ್ ಪತ್ತೇದಾರಿ ಚಿತ್ರಗಳನ್ನು ನೋಡಿದ್ದು ಆಗಲೇ. "ಮಾತು ಒಂದಕ್ಷರ ಅರ್ಥ ಆಗ್ತಿರ್ಲಿಲ್ಲ. ಸ್ಯಾಕ್ಸೊಫೋನ್ ಕೇಳಿಯೇ ಕಥೆ ಗೊತ್ತು ಮಾಡ್ಕೊಳ್ತಿದ್ದೆ."

ಮದುವೆ ಮಂಟಪಗಳಲ್ಲಿ ಸ್ಯಾಕ್ಸೊಫೋನ್ ಕೇಳಿ ಬೆಳೆದವಳು ನಾನು. ನಮಗದು ಮಂಗಳವಾದ್ಯ. ಇಲ್ಲಿ ಅದೇ ವಾದ್ಯ, ಯಾರೂ ಇಲ್ಲದ ಬೀದಿಯಲ್ಲಿ ತನ್ನಷ್ಟಕ್ಕೇ ಮಾತಾಡಿಕೊಂಡು ಹೋಗುವವನಂತೆ ಕೇಳುತ್ತಿತ್ತು. ಕಳ್ಳ-ಪೊಲೀಸ್ ಕಥೆಗೆ ಇಷ್ಟು ಬೇಸರದ ಸಂಗೀತ ಯಾಕೆ ಎಂದು ಒಮ್ಮೆ ಕೇಳಿದೆ.

"ಅದು ಪೊಲೀಸರ ಕಡೆಯೂ ಅಲ್ಲ, ಕಳ್ಳನ ಕಡೆಯೂ ಅಲ್ಲ. ಇಬ್ಬರಿಗೂ ಸಾಕಾಗಿ ಹೋಗಿದೆ ಅಂತ ಅದಕ್ಕೆ ಗೊತ್ತುಂಟು," ಎಂದರು. ಆಮೇಲೆ, "ನಾವು ಹೆಣದ ಹತ್ತಿರ ನಿಂತು ಪಂಚನಾಮೆ ಬರೀತಿದ್ದೆವು. 'ಪಾಪ' ಅನ್ಲಿಕ್ಕೆ ಪುರ್ಸೊತ್ತಿರ್ಲಿಲ್ಲ. ಇದು ಹೇಳ್ತದೆ ನೋಡು."

"ಗೋಳು ಸಂಗೀತ," ಎಂದು ಅವರ ಹೆಂಡತಿ ಮಾಮಿ ಅಡುಗೆಮನೆಯಿಂದಲೇ ಗೊಣಗುತ್ತಿದ್ದರು. ನಾನು ಮಾತ್ರ ಪ್ರತಿ ಭಾನುವಾರ ಹೋಗತೊಡಗಿದೆ.

ಹೀಗೊಂದು ಭಾನುವಾರ ನನ್ನ ತಮ್ಮ ಬೈಕಿನಲ್ಲಿ ನಮ್ಮ ಮನೆಗೆ ಬಂದವನೇ ಒಳಗಿನ ಕೋಣೆ ಸೇರಿದ. ಕಲ್ಲಡ್ಕದ ಹತ್ತಿರ ರಸ್ತೆ ದಾಟುತ್ತಿದ್ದ ಮುದುಕರೊಬ್ಬರಿಗೆ ಗುದ್ದಿ, ನಿಲ್ಲಿಸದೆ ಬಂದಿದ್ದ. ಅವರು ಬದುಕಿದ್ದಾರೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ನಾನು ಪಕ್ಕದ ಮನೆಗೆ ಓಡಿದೆ. "ನಿಮಗೆ ಸ್ಟೇಷನಿನಲ್ಲಿ ಗುರ್ತದವರಿದ್ದಾರಲ್ಲ ಮಾಮ, ಒಂದು ಮಾತು ಹೇಳಿ."

"ಅವನನ್ನು ಕರ್ಕೊಂಡು ಬಾ," ಎಂದರು, ಅಷ್ಟೇ.

ತಮ್ಮನನ್ನು ಟಿ.ವಿ. ಎದುರು ಕೂರಿಸಿ ಮಾಮ ಒಳಗೆ ಹೋಗಿ ಫೋನು ಮಾಡತೊಡಗಿದರು. ಸಿನಿಮಾ ಓಡುತ್ತಲೇ ಇತ್ತು. ಪರದೆಯ ಮೇಲೆ ಒಬ್ಬ ಸುಮ್ಮನೆ ನಡೆದು ಹೋಗುತ್ತಿದ್ದ, ಹಿನ್ನೆಲೆಯಲ್ಲಿ ಸ್ಯಾಕ್ಸೊಫೋನ್. ಅಲ್ಲಿಯವರೆಗೆ ಕಲ್ಲಿನಂತಿದ್ದ ತಮ್ಮ, ಮುಖ ಮುಚ್ಚಿಕೊಂಡು ಅಳತೊಡಗಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೊರಬಂದ ಮಾಮ ಅವನ ಪಕ್ಕ ಕುಳಿತರು.

"ಆ ಮುದುಕರ ಕಾಲು ಮುರಿದಿದೆ. ಜೀವಕ್ಕೆ ಅಪಾಯ ಇಲ್ಲ," ಎಂದರು, ಅವನ ಅಳು ನಿಂತ ಮೇಲೆ. "ಸ್ಟೇಷನಿಗೆ ಹೋಗುವ ಮಾರಾಯ. ನಾನು ಒಟ್ಟಿಗೆ ಬರ್ತೇನೆ."

ಬಂಟ್ವಾಳದ ದಾರಿಯಲ್ಲಿ ನನ್ನ ಕಡೆ ತಿರುಗಿದರು. "ನೀನು ಕೇಳಿದ್ದೆಯಲ್ಲ, ಒಂದು ಮಾತು ಹೇಳ್ತೇನೆ. ಅವ ತಾನಾಗಿಯೇ ಬಂದ ಅಂತ. ಅದಕ್ಕಿಂತ ಹೆಚ್ಚು ಹೇಳುದಿಲ್ಲ."

ಕೇಸು ನಡೆಯಿತು. ತಪ್ಪೊಪ್ಪಿಕೊಂಡ ತಮ್ಮನಿಗೆ ಶಿಕ್ಷೆಯೂ ಆಯಿತು. ಈ ನಡುವೆ ಮಾಮ ಅವನನ್ನು ಆ ಮುದುಕರ ಮನೆಗೂ ಕರೆದುಕೊಂಡು ಹೋಗುತ್ತಿದ್ದರು. ಮೊದಲ ಸಲ ಅವರು ಗೋಡೆಗೆ ಮುಖ ತಿರುಗಿಸಿ ಮಲಗಿದರಂತೆ. ಮಾಮ ಬಿಡಲಿಲ್ಲ. ಹೋಗುತ್ತ ಹೋಗುತ್ತ ಒಂದು ದಿನ ಆ ಮನೆಯಲ್ಲಿ ತಮ್ಮನಿಗೆ ಚಾ ಕೊಟ್ಟರು. ಅವನು ಇವತ್ತು ತಲೆಯೆತ್ತಿ ಬದುಕುತ್ತಿದ್ದರೆ ಅದು ಪೊಲೀಸ್ ಮಾಮನಿಂದ.

ಕಳೆದ ವರ್ಷ ಎದೆನೋವು ಎಂದ ಮಾಮ ಆಸ್ಪತ್ರೆ ತಲುಪಲಿಲ್ಲ. ಉತ್ತರಕ್ರಿಯೆ ಕಳೆದು, ಬೊಜ್ಜದ ಊಟವೂ ಮುಗಿದು ನೆಂಟರೆಲ್ಲ ಹೊರಟ ಮೇಲೆ ಮಾಮಿ ನನ್ನನ್ನು ಕರೆದರು. "ನಾನು ಒಂದು ದಿನವೂ ಕೂತು ನೋಡ್ಲಿಲ್ಲ. ಅವರು ಎಂತ ಕೇಳ್ತಿದ್ರು ಅಂತ ನನಗೂ ಒಮ್ಮೆ ಹಾಕು ಮಗಾ."

ಹಾಕಿದೆ. ಸೆರಗಿನ ಅಂಚು ಮುದುಡಿ ಹಿಡಿದು ಕೊನೆಯ ತನಕ ಕುಳಿತರು. ಕಥೆ ಮುಗಿದು ಹೆಸರುಗಳು ಬರುವಾಗ ವಾದ್ಯ ಒಂದೇ ಉಳಿಯಿತು.

"ಯಾರೋ ಅಳುವ ಹಾಗೆ ಉಂಟಲ್ಲ," ಎಂದರು. "ತನ್ನ ಅಮ್ಮ ಹೋದಾಗಲೂ ಇವರ ಕಣ್ಣು ಒದ್ದೆ ಆಗ್ಲಿಲ್ಲ ಮಾರಾಯ್ತಿ. ಎಲ್ಲಿ ಅಳ್ತಾರೆ ಅಂತ ನನಗೆ ಗೊತ್ತೇ ಇರ್ಲಿಲ್ಲ."

ನಾನು ರಿಮೋಟಿಗೆ ಕೈ ಚಾಚಿದೆ. ಮಾಮಿ ತಡೆದರು.

"ಇರ್ಲಿ," ಎಂದರು. "ಅದರಷ್ಟಕ್ಕೇ ಮುಗೀಲಿ."